ಮಾಲ್ವೋಲಿಯೋನ ಕತ್ತಲ ಕೋಣೆ

ಬಿ.ಎ. ತರಗತಿಯಲ್ಲಿ ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಮಗೆ ಪಠ್ಯವಾಗಿತ್ತು. ಹಳದಿ ಕಾಲುಚೀಲ ತೊಟ್ಟು, ಒಡತಿ ಒಲಿವಿಯಾಳೆದುರು ಹಲ್ಲುಕಿರಿದು ನಿಲ್ಲುವ ಪಾರುಪತ್ಯಗಾರ ಮಾಲ್ವೋಲಿಯೋನನ್ನು ಕಂಡು ಬಿದ್ದು ಬಿದ್ದು ನಕ್ಕಿದ್ದೆವು. 1602ರ ಫೆಬ್ರವರಿಯಲ್ಲಿ ಲಂಡನ್ನಿನ ಮಿಡ್ಲ್ ಟೆಂಪಲಿನಲ್ಲಿ ಈ ನಾಟಕ ನೋಡಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮನು ದಿನಚರಿಯಲ್ಲಿ ಮೆಚ್ಚಿ ಬರೆದುದೂ ಈ ಕುಚೇಷ್ಟೆಯನ್ನೇ. ಅವನೂ ವಿದ್ಯಾರ್ಥಿಯಷ್ಟೆ!

ಮುಂದೆ ಮುಖ್ಯೋಪಾಧ್ಯಾಯನಾಗಿ, ಗದ್ದಲ ಅಡಗಿಸುವುದೇ ನನ್ನ ಉದ್ಯೋಗವಾದಾಗ ಮತ್ತೆ ಓದಿದೆ. ನಡುರಾತ್ರಿ ಕುಡಿದು ಕೂಗಾಡುವವರನ್ನು ಗದರಿಸುವುದು ಅವನ ಕರ್ತವ್ಯವಲ್ಲವೇ? ಅಹಂಕಾರಿ, ನಿಜ, ಆದರೆ ಕತ್ತಲಲ್ಲಿ ಕೂಡಿಹಾಕಿ ಹುಚ್ಚನೆನ್ನುವಷ್ಟು ಅಪರಾಧಿಯಲ್ಲ. ವಯೋಲಾಳ ವೇಷಾಂತರದ ಸೊಗಸನ್ನು ಬಲ್ಲವರು ಹೇಳಿದ್ದಾರೆ. ನನ್ನನ್ನು ಕಾಡುವುದು ಕೊನೆಯ ದೃಶ್ಯ: ಜೋಡಿಗಳು ಕೂಡುತ್ತಿರುವಾಗ ಅವನೊಬ್ಬನೇ ಸೇಡಿನ ಮಾತಾಡಿ ಹೊರನಡೆಯುತ್ತಾನೆ. ಸಮಾಧಾನಪಡಿಸಿ ಕರೆತರುವಂತೆ ಡ್ಯೂಕನೇನೋ ಹೇಳುತ್ತಾನೆ. ಮಾಲ್ವೋಲಿಯೋ ಮರಳಿ ರಂಗಕ್ಕೆ ಬರುವುದಿಲ್ಲ.