ಮೀಟರ್ ನೋಡಲು ಮನೆಯ ಬೀಗದ ಕೈ

ಸರ್ವರ್ ಏದುಸಿರು ಬಿಡುತ್ತಿದೆ. ಅದರೊಳಗಿನ ಯಾವುದೋ ಒಂದು ವರ್ಚುವಲ್ ಮೆಷೀನ್, ಅಂದರೆ ‘ಗೆಸ್ಟ್’, ಸಿಪಿಯುವನ್ನೆಲ್ಲ ನುಂಗುತ್ತಿದೆ. ಅಲ್ಲಿನ ಕರ್ನಲ್ ಏನು ಮಾಡುತ್ತಿದೆ ಎಂದು ‘ಹೋಸ್ಟ್’ ಆದ ಸರ್ವರ್‌ನಲ್ಲೇ ಕೂತು ನೋಡಲು ಲಿನಕ್ಸ್‌ನಲ್ಲಿ 2010ರಿಂದಲೂ ‘ಪರ್ಫ್ ಕೆವಿಎಂ’ ಇದೆ. ನಾಡಿ ಹಿಡಿಯುವುದರಲ್ಲಿ ಅದು ನಿಪುಣ. ಗೆಸ್ಟ್‌ನ ಬಾಗಿಲು ತೆರೆಯುವ ವಿಷಯದಲ್ಲಿ ಮಾತ್ರ ಅದರ ಕೈಪಿಡಿ ತೀರಾ ಉದಾರಿ.

ಪರ್ಫ್‌ಗೆ ಹೊರಗಿನಿಂದ ಸಿಗುವುದು ಬರೀ ವಿಳಾಸಗಳು, ಹದಿನಾರಂಕಿಯ ಹೆಕ್ಸ್ ಸಂಖ್ಯೆಗಳ ಸಾಲು. ಅವು ಯಾವ ಫಂಕ್ಷನ್‌ನವು ಎಂದು ತಿಳಿಯಲು ಗೆಸ್ಟ್‌ನ ‘ಕಾಲ್‌ಸಿಮ್ಸ್’ ಪಟ್ಟಿ ಬೇಕು. ಕೈಪಿಡಿಯ ಉದಾಹರಣೆಯಲ್ಲಿ 8888, 9999 ಎಂಬ ಪ್ರಾಸೆಸ್ ಸಂಖ್ಯೆಗಳ ಎರಡು ಗೆಸ್ಟ್‌ಗಳಿವೆ. ಅದೇ ಹೆಸರಿನ ಫೋಲ್ಡರ್ ಮಾಡಿ, ಎಸ್‌ಎಸ್‌ಎಚ್‌ಎಫ್‌ಎಸ್ ಮೂಲಕ ಗೆಸ್ಟ್‌ನ ಇಡೀ ರೂಟ್ ಫೈಲ್ ಸಿಸ್ಟಂ ಮೌಂಟ್ ಮಾಡಿ ಎನ್ನುತ್ತದೆ. ಜೊತೆಗೆ ‘ಅಲೋ ಅದರ್’ ಎಂಬ ಆಯ್ಕೆ ಬೇರೆ! ಎಂದರೆ ಮೌಂಟ್ ಮಾಡಿದವರಷ್ಟೇ ಅಲ್ಲ, ಹೋಸ್ಟ್‌ನಲ್ಲಿ ಲಾಗಿನ್ ಇದ್ದು ಆ ಫೋಲ್ಡರ್‌ವರೆಗೆ ತಲುಪಬಲ್ಲ ಯಾರು ಬೇಕಾದರೂ ಒಳಹೊಕ್ಕಬಹುದು. ಸಂಪರ್ಕ ರೂಟ್ ಹೆಸರಿನಲ್ಲಿದ್ದರೆ ಗೆಸ್ಟ್‌ನ ಪಾಸ್‌ವರ್ಡ್ ಹ್ಯಾಶ್‌ಗಳೂ ಬಯಲು. ಮೀಟರ್ ರೀಡಿಂಗ್‌ಗೆ ಬಂದವನ ಕೈಗೆ ಇಡೀ ಮನೆಯ ಬೀಗದ ಕೈ ಕೊಟ್ಟ ಹಾಗಾಯಿತು.

ಹೋಸ್ಟ್‌ನ ಮಾಲೀಕ ಮನಸ್ಸು ಮಾಡಿದರೆ ಗೆಸ್ಟ್‌ನ ಮೆಮೊರಿಯನ್ನೇ ಓದಬಲ್ಲನಲ್ಲ ಎಂಬ ವಾದವಿದೆ. ಎನ್‌ಕ್ರಿಪ್ಟ್ ಆಗದ ಗೆಸ್ಟ್‌ಗಳ ಮಟ್ಟಿಗೆ ಅದು ನಿಜ. ಆದರೆ ಹೋಸ್ಟ್‌ನ ಉಳಿದ ಬಳಕೆದಾರರು ಮಾಲೀಕರಲ್ಲ. ಇದರ ಇನ್ನೊಂದು ಮಗ್ಗುಲನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ: ಗೆಸ್ಟ್ ಕೊಟ್ಟ ಫೈಲುಗಳನ್ನು ಹೋಸ್ಟ್‌ನ ಪರ್ಫ್, ಸಾಮಾನ್ಯವಾಗಿ ರೂಟ್ ಅಧಿಕಾರದಲ್ಲೇ, ಬಿಡಿಸಿ ಓದುತ್ತದೆ. ದಾಳಿಕೋರರ ವಶವಾದ ಗೆಸ್ಟ್ ಬೇಕೆಂದೇ ತಿರುಚಿದ ಫೈಲ್ ಇಟ್ಟಿದ್ದರೆ?

ಪಟ್ಟಿಯನ್ನಷ್ಟೇ ನಕಲು ಮಾಡಿಕೊಳ್ಳುವ ದಾರಿ ಇದಕ್ಕಿಂತ ಮೇಲು. ಅದಕ್ಕೂ ಅದರದೇ ತಂಟೆಗಳಿವೆ. ಸಾಮಾನ್ಯ ಬಳಕೆದಾರರಾಗಿ ನಕಲಿಸಿದರೆ ವಿಳಾಸಗಳ ಜಾಗದಲ್ಲಿ ಬರೀ ಸೊನ್ನೆಗಳು ಬರುತ್ತವೆ. ಗೆಸ್ಟ್ ರೀಬೂಟ್ ಆದರೆ ಕರ್ನಲ್ ಬೇರೆ ವಿಳಾಸದಲ್ಲಿ ಕೂರುತ್ತದೆ. ಹಳೆಯ ಪಟ್ಟಿ ಹಿಡಿದ ಪರ್ಫ್ ಯಾವ ಅಳುಕೂ ಇಲ್ಲದೆ ತಪ್ಪು ಹೆಸರು ಹೇಳಬಹುದು.

ಕರ್ನಲ್‌ನ ಚಟುವಟಿಕೆ ದಾಖಲಿಸುವ ಇನ್ನೊಂದು ಸಾಧನ ಟ್ರೇಸ್-ಸಿಎಂಡಿ ಹಿಡಿದದ್ದು ಬೇರೆ ಹಾದಿ. ಗೆಸ್ಟ್‌ನಲ್ಲಿ ಒಂದು ಏಜೆಂಟ್ ಕೂರುತ್ತದೆ, ಹೋಸ್ಟ್-ಗೆಸ್ಟ್ ನಡುವಿನ ನೇರ ಕೊಂಡಿಯಾದ ವಿಸಾಕ್ ಮೂಲಕ ಹೋಸ್ಟ್‌ನೊಂದಿಗೆ ಮಾತಾಡುತ್ತದೆ. ಐಪಿ ವಿಳಾಸವೂ ಬೇಡ, ನೆಟ್‌ವರ್ಕ್ ಕಾರ್ಡೂ ಬೇಡ. ಅಚ್ಚುಕಟ್ಟಾದ ವ್ಯವಸ್ಥೆಯೇ. ಆದರೆ ವಿಸಾಕ್ ವಿಳಾಸ ಗುರುತಿಸುವುದು ಯಂತ್ರವನ್ನು. ಅದರ ಮುಂದೆ ಕೂತವರು ಯಾರೆಂದು ಅದು ಹೇಳುವುದಿಲ್ಲ.

ಬಂದವರು ಯಾರೆಂದು ಪರಿಶೀಲಿಸುವ ಎಸ್‌ಎಸ್‌ಎಚ್, ನೆಟ್‌ವರ್ಕ್ ಬೇಡದ ವಿಸಾಕ್, ಈ ಎರಡರ ಒಳ್ಳೆಯ ಗುಣವೂ ಒಂದೆಡೆ ಸೇರುವುದು ಎಸ್‌ಎಸ್‌ಎಚ್ ಅನ್ನೇ ವಿಸಾಕ್ ಮೇಲೆ ಹರಿಸಿದಾಗ. 2024ರ ಸಿಸ್ಟಂಡಿ 256ನೇ ಆವೃತ್ತಿ ಇದನ್ನು ಸಲೀಸು ಮಾಡಿತು. ‘ಕಾಲ್‌ಸಿಮ್ಸ್’ ಓದುವ ಒಂದೇ ಆಜ್ಞೆಗೆ ಕಟ್ಟಿಹಾಕಿದ ಪ್ರತ್ಯೇಕ ಕೀಲಿ ಕೊಟ್ಟರೆ ಸಾಕು. ರೂಟ್ ಲಾಗಿನ್ನನ್ನು ಇಂಥ ಕೀಲಿಗಳಿಗಷ್ಟೇ ಬಿಡುವ ಸೆಟ್ಟಿಂಗ್ ಓಪನ್‌ಎಸ್‌ಎಸ್‌ಎಚ್‌ನಲ್ಲಿದೆ. ಗೆಸ್ಟ್ ರೀಬೂಟ್ ಆದಾಗಲೆಲ್ಲ ಪಟ್ಟಿಯನ್ನು ಹೊಸದಾಗಿ ತರಿಸಿಕೊಂಡರಾಯಿತು.

ಕೈಪಿಡಿಯ ಆ 8888ರ ಸಾಲನ್ನು ಈಗಾಗಲೇ ಹಾಗ್ಹಾಗೇ ಓಡಿಸಿದವರು, ದಯವಿಟ್ಟು ಆ ಫೋಲ್ಡರನ್ನು ಇವತ್ತೇ ಅನ್‌ಮೌಂಟ್ ಮಾಡಿಬಿಡಿ.