ಧುಮುಕುವ ನೀರು, ಏರುವ ನೀರು

ಮಳೆಗಾಲದಲ್ಲಿ ಜೋಗಕ್ಕೆ ಹೋದವರೆಲ್ಲ ತೆಗೆಯುವ ಫೋಟೋ ಹೆಚ್ಚುಕಡಿಮೆ ಒಂದೇ. ಕಣಿವೆಯ ಈಚೆ ಬದಿ ನಿಂತು, ಮಂಜು ಸರಿಯುವುದನ್ನು ಕಾದು, ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಚೌಕಟ್ಟಿಗೆ ಬಂದಾಗ ತೆಗೆದದ್ದು. 253 ಮೀಟರ್ ಎತ್ತರದಿಂದ ಬೀಳುವ ನೀರು ಯಾರು ತೆಗೆದರೂ ಚೆನ್ನಾಗಿಯೇ ಮೂಡುತ್ತದೆ. ಆದರೆ ಆರ್ಭಟದಿಂದ ಹೆಸರು ಪಡೆದ ರೋರರ್ ಫೋಟೋದಲ್ಲಿ ಮೂಕ. ಹೊರಗುಳಿಯುವುದು ಸದ್ದೊಂದೇ ಅಲ್ಲ. ಸುಮಾರು 6 ಕಿಲೋಮೀಟರ್ ಮೇಲೆ, 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿದೆ. ಜಲಪಾತಕ್ಕೆ ಎಷ್ಟು ನೀರು ಸಿಗಬೇಕೆಂಬುದನ್ನು ಈಗ ಮಳೆಯೊಂದೇ ತೀರ್ಮಾನಿಸುವುದಿಲ್ಲ.

ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಜೋಗವನ್ನು ನನ್ನ ತಲೆಮಾರಿಗೆ ಹೊಸದಾಗಿ ತೋರಿಸಿತು. ಅಲ್ಲಿ ನೀರಿನ ರಭಸವೆಂದರೆ ಪ್ರೇಮಿಯ ಮನಸ್ಸಿನ ರಭಸ. ಅದು ಆ ಸಿನಿಮಾದ ಗೆಲುವೂ ಹೌದು. ಆದರೆ ಆ ನೀರಿಗೆ ನಿನ್ನೆ ಎಂಬುದಿಲ್ಲ.

ಅದೇ ಶರಾವತಿ ಸೀಮೆಯ ನಾ. ಡಿಸೋಜರ ‘ದ್ವೀಪ’ ಕಾದಂಬರಿಯಲ್ಲಿ, ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದನ್ನು ಆಧರಿಸಿ ಮಾಡಿದ ಸಿನಿಮಾದಲ್ಲಿ, ನೀರು ಧುಮುಕುವುದಿಲ್ಲ, ಏರುತ್ತದೆ. ಅಣೆಕಟ್ಟಿನ ಹಿನ್ನೀರು ಸುತ್ತುವರಿದರೂ ನಾಗಿಯ ಕುಟುಂಬ ಮನೆ ಬಿಟ್ಟು ಹೋಗುವುದಿಲ್ಲ. ಈ ಸಿನಿಮಾದ ದೃಶ್ಯಗಳೂ ಸುಂದರವೇ, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಹಾಗಾಗಿ ಸೌಂದರ್ಯವೇ ಸತ್ಯವನ್ನು ಮುಚ್ಚುತ್ತದೆ ಎಂಬ ಸುಲಭದ ವಾದ ಇಲ್ಲಿ ನಿಲ್ಲುವುದಿಲ್ಲ. ಹಿನ್ನೀರಿನ ಒಂದು ಫೋಟೋ ತೆಗೆದರೆ ಅದು ಬರೀ ಕೆರೆಯಂತೆ ಕಂಡೀತು. ನಿನ್ನೆ ಇದ್ದ ನೆಲ ಇವತ್ತು ಇಲ್ಲ ಎಂಬುದು ತಿಳಿಯಬೇಕಾದರೆ ಕಾಲ ಸರಿಯಬೇಕು, ಆ ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿರಬೇಕು. ಧುಮುಕುವ ನೀರಿಗೆ ಒಂದು ಚಿತ್ರ ಸಾಕು. ಏರುವ ನೀರಿಗೆ ಕಥೆಯೇ ಬೇಕು. ನಾಗಿ ರಾತ್ರಿಯಿಡೀ ಪಟ್ಟ ಪಾಡನ್ನು ಕೊನೆಗೆ ಗಂಡನೇ ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಕಣ್ಣೆದುರಿನ ಬದುಕು ಚೌಕಟ್ಟಿನಿಂದ ಜಾರುವುದು ಹೀಗೂ ಉಂಟು.

ನಾಡಿನ ಹೆಮ್ಮೆಯಾಗಿ ನಾವು ಜೋಗದ ಚಿತ್ರವನ್ನು ಕ್ಯಾಲೆಂಡರ್‌ಗಳಲ್ಲೂ ಪಠ್ಯಗಳಲ್ಲೂ ಇಟ್ಟುಕೊಂಡಿದ್ದೇವೆ. ಅದರ ಪಕ್ಕದಲ್ಲಿ ‘ದ್ವೀಪ’ವನ್ನು ಇಟ್ಟು ಓದುವುದು ಅಪರೂಪ. ಒಂದನ್ನು ಪ್ರಕೃತಿಯೆಂದೂ ಇನ್ನೊಂದನ್ನು ಮುಳುಗಡೆ ಸಾಹಿತ್ಯವೆಂದೂ ವಿಂಗಡಿಸಿದ್ದೇವೆ. ನದಿ ಮಾತ್ರ ಒಂದೇ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯ ಬತ್ತಿ, ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೇಳುತ್ತದೆ. ಅದನ್ನು ನೋಡಲೂ ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಆ ಒಂದು ಫೋಟೋದಲ್ಲಾದರೂ ನಿನ್ನೆಯಿದೆ.