ಕತ್ತಲಲ್ಲಿ ಬರೆದ ಕಾಗದಗಳು

ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳ ಸಂಗ್ರಹ ‘ಕಮ್ ಬಿ ಮೈ ಲೈಟ್’ ಹೊರಬಂತು. ಸಂಪಾದಿಸಿದವರು ಗುರು ಬ್ರಯನ್ ಕೊಲೊಡಿಯೆಚುಕ್. ತೆರೇಸಾ ಅವರನ್ನು ಸಂತಪದವಿಗೆ ಏರಿಸುವ ಪ್ರಕ್ರಿಯೆಯ ಹೊಣೆ ಹೊತ್ತಿದ್ದವರೂ ಅವರೇ. ಪುಸ್ತಕ ಬಂದಕೂಡಲೇ ಜಗತ್ತಿನ ಪತ್ರಿಕೆಗಳು ಒಂದೇ ಸಂಗತಿಯನ್ನು ಹಿಡಿದುಕೊಂಡವು: ಕೊಲ್ಕತ್ತೆಯ ಬೀದಿಗಳಲ್ಲಿ ಸಾಯುತ್ತ ಬಿದ್ದವರನ್ನು ಎತ್ತಿ ತಂದು ಉಪಚರಿಸಿದ ಈ ಸನ್ಯಾಸಿನಿಗೆ ಹೆಚ್ಚುಕಡಿಮೆ ಅರ್ಧ ಶತಮಾನ ಕಾಲ ದೇವರ ಸುಳಿವೇ ಸಿಕ್ಕಿರಲಿಲ್ಲ. ‘ಟೈಮ್’ ವಾರಪತ್ರಿಕೆ ಇದನ್ನು ಮುಖಪುಟಕ್ಕೆ ತಂದಿತು. ಅದಕ್ಕೂ ಮೊದಲೇ ಮದರ್ ವಿರುದ್ಧ ಪುಸ್ತಕ ಬರೆದಿದ್ದ ಕ್ರಿಸ್ಟೋಫರ್ ಹಿಚನ್ಸ್, ಆಕೆಗೆ ನಂಬಿಕೆ ಬಹುಪಾಲು ಹೋಗಿತ್ತು ಎಂಬರ್ಥದ ಮಾತಾಡಿದರು. ಭಕ್ತರ ಪಾಲಿಗೆ ಇದೇ ಕತ್ತಲು ಅವರ ಪಾವಿತ್ರ್ಯದ ಕೊನೆಯ ಪುರಾವೆಯಾಯಿತು.

ಈ ಎರಡು ಓದುಗಳೂ ಅವಸರದವು. ಪತ್ರಗಳನ್ನು ಬರೆದ ಕ್ರಮದಲ್ಲೇ, ವ್ಯಾಖ್ಯಾನವನ್ನು ಬದಿಗಿಟ್ಟು ಓದಿದರೆ ಬೇರೆಯದೇ ಚಿತ್ರ ಎದ್ದು ಬರುತ್ತದೆ.

1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ, ಆಗಿನ್ನೂ ಲೊರೆಟೊ ಕಾನ್ವೆಂಟಿನ ಶಿಕ್ಷಕಿಯಾಗಿದ್ದ ತೆರೇಸಾ ಅವರಿಗೆ ಬಡವರಲ್ಲಿ ಬಡವರ ನಡುವೆ ಹೋಗಿ ಬದುಕಬೇಕೆಂಬ ಕರೆ ಬಂತು. ನಂತರದ ತಿಂಗಳುಗಳಲ್ಲಿ ಯೇಸುವಿನ ದನಿ ತಮ್ಮೊಳಗೆ ಮಾತಾಡುತ್ತಿದೆಯೆಂದು ಅವರು ಆಧ್ಯಾತ್ಮಿಕ ಮಾರ್ಗದರ್ಶಕರಾದ ಗುರು ಸೆಲೆಸ್ಟ್ ವಾನ್ ಎಕ್ಸೆಮ್ ಅವರಿಗೂ ಮಹಾಧರ್ಮಾಧ್ಯಕ್ಷ ಪೆರಿಯೆ ಅವರಿಗೂ ಬರೆದರು. ಆ ಪತ್ರಗಳಲ್ಲಿ ಹಟವಿದೆ, ಸಲಿಗೆಯಿದೆ, ಉಕ್ಕುವ ಪ್ರೀತಿಯಿದೆ. ಅನುಮತಿ ಸಿಕ್ಕಿತು. 1948ರ ಆಗಸ್ಟಿನಲ್ಲಿ ನೀಲಿ ಅಂಚಿನ ಬಿಳಿ ಸೀರೆ ಉಟ್ಟು ಕಾನ್ವೆಂಟಿನಿಂದ ಹೊರಬಂದರು. 1950ರಲ್ಲಿ ಅವರು ಕಟ್ಟಿದ ಹೊಸ ಸನ್ಯಾಸಿನಿಯರ ಸಭೆಗೆ ಅಧಿಕೃತ ಮನ್ನಣೆಯೂ ದೊರಕಿತು. ಕೇಳಿದ್ದೆಲ್ಲ ಕೈಗೂಡಿದ ಆ ಹೊತ್ತಿಗೆ ಕರೆದವನ ದನಿ ನಿಂತುಹೋಗಿತ್ತು. 1953ರಲ್ಲಿ ಪೆರಿಯೆ ಅವರಿಗೆ ಬರೆದ ಪತ್ರದಲ್ಲಿ, ಕೆಲಸ ಶುರುವಾದಾಗಿನಿಂದಲೂ ಒಳಗೆ ಭಯಂಕರ ಕತ್ತಲಿದೆ, ಎಲ್ಲವೂ ಸತ್ತಂತಿದೆ ಎಂದು ಅವರು ಹೇಳಿಕೊಳ್ಳುತ್ತಾರೆ. 1958ರ ಅಕ್ಟೋಬರಿನಲ್ಲಿ, ಪೋಪ್ 12ನೇ ಪಿಯುಸರಿಗಾಗಿ ಅರ್ಪಿಸಿದ ಬಲಿಪೂಜೆಯ ಹೊತ್ತಿಗೆ, ಕತ್ತಲು ಹರಿಯಿತು. ಐದು ವಾರ ಕಳೆಯುವಷ್ಟರಲ್ಲಿ ಮತ್ತೆ ಕವಿಯಿತು.

ಸಂಗ್ರಹದ ಜೀವ ನನಗೆ ಕಂಡದ್ದು 1959ರ ಸೆಪ್ಟೆಂಬರಿನ ಒಂದು ಬರಹದಲ್ಲಿ. ತಪ್ಪೊಪ್ಪಿಗೆಯ ರೂಪದಲ್ಲಿರುವ ಆ ಕಾಗದವನ್ನು ಅವರು ನೇರವಾಗಿ ಯೇಸುವನ್ನು ಉದ್ದೇಶಿಸಿಯೇ ಬರೆದಿದ್ದಾರೆ. ದೇವರು ನನ್ನನ್ನು ಬೇಡವೆನ್ನುತ್ತಿದ್ದಾನೆ, ದೇವರು ದೇವರೇ ಅಲ್ಲವೇನೋ, ಇಲ್ಲವೇ ಇಲ್ಲವೇನೋ ಅನ್ನಿಸುತ್ತದೆ ಎಂಬಲ್ಲಿಯವರೆಗೆ ಅದು ಹೋಗುತ್ತದೆ. ವಾಕ್ಯಗಳು ಮುಗಿಯುವುದಿಲ್ಲ, ಪೂರ್ಣವಿರಾಮ ಇರಬೇಕಾದಲ್ಲೆಲ್ಲ ಉದ್ದ ಗೆರೆ ಎಳೆದು ಮುಂದಿನ ಮಾತಿಗೆ ದಾಟುತ್ತಾರೆ. ಇದೆಲ್ಲವನ್ನೂ ಹೇಳಿಕೊಂಡದ್ದು ಯಾರ ಬಳಿ? ಇಲ್ಲವೇನೋ ಎಂದು ಅಂಜಿದ್ದ ಅವನ ಬಳಿಯೇ. ಹಿಚನ್ಸ್ ನೋಡದೆ ದಾಟಿಹೋದದ್ದು ಇದನ್ನೇ. ನಂಬಿಕೆಯೆಂದರೆ ಮನಸ್ಸಿನಲ್ಲಿ ಏಳುವ ಖಚಿತ ಭಾವ ಎಂದುಕೊಂಡರೆ ಮದರ್‌ಗೆ ಅದು ಇರಲಿಲ್ಲವೆಂದು ಒಪ್ಪಲೇಬೇಕು. ಭಾವವೆಲ್ಲ ಬತ್ತಿದ ಮೇಲೂ ಸಂಬಂಧವನ್ನು ಕಡಿದುಕೊಳ್ಳದೆ ಅದೇ ಹೆಸರನ್ನು ಕೂಗುತ್ತಿರುವುದು ನಂಬಿಕೆಯಾದರೆ, ಇಷ್ಟು ಗಟ್ಟಿ ನಂಬಿಕೆ ಅಪರೂಪ.

ಬೈಬಲ್ಲಿಗೆ ಇದು ಹೊಸದೇನೂ ಅಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಬೇರೆ ಶೋಕಗೀತೆಗಳಂತೆ ಕೊನೆಗೆ ಸ್ತುತಿಯತ್ತ ತಿರುಗುವುದಿಲ್ಲ. ಸಂತ ಮಾರ್ಕನ ಶುಭಸಂದೇಶದಲ್ಲಿ, ಮೂರ್ಛೆ ಬೀಳುವ ಮಗನನ್ನು ಕರೆತಂದ ತಂದೆಯೊಬ್ಬ ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಯೇಸುವಿನ ಮುಂದಿಡುತ್ತಾನೆ. ಯೇಸು ಅವನನ್ನು ಗದರುವುದಿಲ್ಲ, ಮಗನನ್ನು ಗುಣಪಡಿಸುತ್ತಾನೆ. ಶಿಲುಬೆಯ ಮೇಲೆ ಯೇಸು ಕೂಗಿದ್ದಂತೂ 22ನೇ ಕೀರ್ತನೆಯ ಮೊದಲ ಸಾಲನ್ನೇ. ಕೈಬಿಡಲ್ಪಟ್ಟವನ ಕೂಗು ಅದು. ಇಷ್ಟೆಲ್ಲ ಇದ್ದೂ ಸಂದೇಹವನ್ನು ಕಾಯಿಲೆಯಂತೆ ಕಾಣುವ ರೂಢಿ ನಮ್ಮ ಚರ್ಚುಗಳಲ್ಲಿ ಬೇರೂರಿದೆ. ಕೈಗೂಡಿದ ಪ್ರಾರ್ಥನೆಗೆ ಸಾಕ್ಷಿ ಹೇಳಲು ಜನ ಮುಂದೆ ಬರುತ್ತಾರೆ. ಹತ್ತು ವರ್ಷ ಪ್ರಾರ್ಥಿಸಿಯೂ ಏನೂ ಕೇಳಿಸದವರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ.

ಮದರ್‌ಗೆ ಸಿಕ್ಕ ನೆರವೂ ವಿಚಾರ ಮಾಡತಕ್ಕದ್ದು. ಬಹಳಷ್ಟು ಮಾರ್ಗದರ್ಶಕರು ಸಮಾಧಾನ ಹೇಳಿದರು. ಪುಣೆಯಲ್ಲಿ ದೇವಶಾಸ್ತ್ರ ಕಲಿಸುತ್ತಿದ್ದ ಆಸ್ಟ್ರಿಯಾ ಮೂಲದ ಜೆಸ್ವಿಟ್ ಗುರು ಜೋಸೆಫ್ ನೊಯ್ನರ್ ಮಾತ್ರ 1961ರ ಸುಮಾರಿಗೆ ಬೇರೆ ದಾರಿ ತೋರಿದರು. ಈ ಕತ್ತಲಿಗೆ ಮನುಷ್ಯರ ಬಳಿ ಮದ್ದಿಲ್ಲ, ಇದು ನಿಮ್ಮ ತಪ್ಪಿನಿಂದ ಬಂದದ್ದೂ ಅಲ್ಲ, ದೇವರಿಗಾಗಿ ಇಷ್ಟು ಹಂಬಲಿಸುತ್ತಿರುವುದೇ ಆತ ಒಳಗಿದ್ದಾನೆ ಎಂಬುದಕ್ಕೆ ಗುರುತು ಎಂಬುದು ಅವರ ಮಾತಿನ ಸಾರ. ಕತ್ತಲು ಹರಿಯುತ್ತದೆಂಬ ಭರವಸೆಯನ್ನು ಅವರು ಕೊಡಲಿಲ್ಲ. ಆಮೇಲೆ ಮದರ್ ನೊಯ್ನರ್ ಅವರಿಗೆ ಬರೆದ ಪತ್ರದಲ್ಲಿ, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಈ ಕತ್ತಲನ್ನು ಪ್ರೀತಿಸಲು ಸಾಧ್ಯವಾಗಿದೆ ಎಂಬ ಮಾತು ಬರುತ್ತದೆ. ಅನಿಶ್ಚಿತತೆಯ ನಡುವೆ ಆಧ್ಯಾತ್ಮಿಕ ಬೆಳವಣಿಗೆ ಎಂದು ಹೇಳಬಹುದಾದದ್ದು ಈ ಪುಸ್ತಕದಲ್ಲಿ ಎಲ್ಲಾದರೂ ಇದ್ದರೆ ಇಲ್ಲಿದೆ. ಪ್ರಶ್ನೆ ಬಗೆಹರಿಯಲಿಲ್ಲ. ಪ್ರಶ್ನೆಯನ್ನು ಹೊತ್ತು ನಡೆಯುವ ಶಕ್ತಿ ಬಂತು. ಬೀದಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದವನ ಸಂಕಟ ಏನೆಂದು ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ; ಯಾರಿಗೂ ಬೇಡವಾಗುವುದು ಅವರದೇ ಅನುಭವವಾಗಿತ್ತು.

ಸಂಪಾದಕರ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲಿಯೇ. ಪ್ರತಿ ಪತ್ರದ ಹಿಂದೆಯೇ ಕೊಲೊಡಿಯೆಚುಕ್ ವಿವರಣೆ ಹಿಡಿದು ಬರುತ್ತಾರೆ. ಓದುಗ ಬೆಚ್ಚಿಬೀಳುವ ಮೊದಲೇ ಅವನನ್ನು ಸಂತೈಸುತ್ತಾರೆ. ಕತ್ತಲನ್ನು 16ನೇ ಶತಮಾನದ ಸ್ಪೇನಿನ ಅನುಭಾವಿ, ಶಿಲುಬೆಯ ಸಂತ ಯೊವಾನ್ನರು ಹೇಳಿದ ಆತ್ಮದ ಇರುಳಿನ ಚೌಕಟ್ಟಿನಲ್ಲಿ ಕೂರಿಸುತ್ತಾರೆ. ಆದರೆ ಯೊವಾನ್ನರ ಇರುಳಿಗೆ ಬೆಳಗಿದೆ; ಅದು ದೇವರೊಡನೆ ಒಂದಾಗುವ ದಾರಿಯ ಒಂದು ಘಟ್ಟ. ಮದರ್ ಅವರದು ಐದು ವಾರಗಳ ಬಿಡುವು ಬಿಟ್ಟರೆ ಕೊನೆಯವರೆಗೂ ಹರಿಯದ ಇರುಳು. ಈ ವ್ಯತ್ಯಾಸ ಸಂಪಾದಕರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಅದರ ಎದುರು ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ. ಮದರ್ ಯಾರ ಹೆಸರನ್ನು ಇಟ್ಟುಕೊಂಡರೋ ಆ ಲಿಸಿಯದ ತೆರೇಸಾಗೂ ಹೀಗೇ ಆಗಿತ್ತು. ಕ್ಷಯದಿಂದ ಸಾಯುವ ಮುನ್ನ ಒಂದೂವರೆ ವರ್ಷ, ಸ್ವರ್ಗ ಇದೆಯೋ ಇಲ್ಲವೋ ಎಂಬ ಕಠಿಣ ಶೋಧನೆಯಲ್ಲಿ ಆಕೆ ನರಳಿದ್ದರು. 1898ರಲ್ಲಿ ಹೊರಬಂದ ಆಕೆಯ ಆತ್ಮಕಥೆಯನ್ನು ಅಕ್ಕ ಪೋಲಿನ್ ಸಾಕಷ್ಟು ತಿದ್ದಿಯೇ ಕೊಟ್ಟದ್ದು. ಮೂಲ ಹಸ್ತಪ್ರತಿಗಳು ಜನರ ಕೈಗೆ ಬರಲು 1956ರವರೆಗೆ ಕಾಯಬೇಕಾಯಿತು. ಕೊಲೊಡಿಯೆಚುಕ್ ಹಾಗೆ ತಿದ್ದಿಲ್ಲ, ಬರೆದದ್ದನ್ನು ಬರೆದಂತೆ ಕೊಟ್ಟಿದ್ದಾರೆ. ಅದಕ್ಕೆ ಕೃತಜ್ಞತೆ ಸಲ್ಲಲೇಬೇಕು. ಈ ಪತ್ರಗಳನ್ನು ಸುಟ್ಟುಬಿಡಿ ಎಂದು ಮದರ್ ಕೇಳಿಕೊಂಡಿದ್ದರು, ಹಿರಿಯರು ಸುಡಲಿಲ್ಲ. ಅವರ ಇಚ್ಛೆ ಮೀರಿದ್ದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಆದರೂ, ತಾನೊಬ್ಬನೇ ಹೀಗೆ ಎಂದುಕೊಂಡು ಒದ್ದಾಡುವ ಎಷ್ಟೋ ಜನರಿಗೆ ಈ ಪುಸ್ತಕ ಒದಗಿರುವುದನ್ನು ನೆನೆದರೆ, ಉಳಿಸಿದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಅಕ್ಕಮಹಾದೇವಿಯನ್ನು ಓದಿ ಬೆಳೆದ ಕನ್ನಡಿಗರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಚೆನ್ನಮಲ್ಲಿಕಾರ್ಜುನ ಕಾಣದ ಸಂಕಟವನ್ನು ಅಕ್ಕ ಎಲ್ಲರಿಗೂ ಕೇಳುವಂತೆ ನುಡಿದಳು. ಅದು ಅವಳ ಭಕ್ತಿಯ ಭಾಗವೇ ಆಯಿತು. ಮದರ್ ತಮ್ಮ ವಿರಹವನ್ನು ಜೊತೆಯ ಸಿಸ್ಟರ್‌ಗಳಿಂದಲೂ ಬಚ್ಚಿಟ್ಟು, ಬೆರಳೆಣಿಕೆಯ ಗುರುಗಳಿಗಷ್ಟೇ ಹೇಳಿಕೊಂಡರು.

ಈ ಮೌನದ ಜೊತೆಗೆ ಇನ್ನೊಂದು ತೊಡಕೂ ಇದೆ. ಪುಸ್ತಕ ಅದನ್ನು ಮುಟ್ಟುವುದಿಲ್ಲ. ತನ್ನ ನೋವನ್ನು ಯೇಸುವಿನ ನೋವಿನ ಪಾಲೆಂದು ಒಪ್ಪಿಕೊಳ್ಳುವುದು ಒಬ್ಬರ ಸ್ವಂತ ಸಾಧನೆ. ಅದೇ ಕಣ್ಣಿನಿಂದ ಇನ್ನೊಬ್ಬರ ನೋವನ್ನು ನೋಡತೊಡಗಿದರೆ ಅಪಾಯ ಶುರುವಾಗುತ್ತದೆ. ಸಾಯುತ್ತಿರುವವರಿಗಾಗಿ ಮದರ್ ನಡೆಸುತ್ತಿದ್ದ ಕಾಳಿಘಾಟಿನ ನಿರ್ಮಲ ಹೃದಯ ಆಶ್ರಮವನ್ನು ನೋಡಿಬಂದ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ರಾಬಿನ್ ಫಾಕ್ಸ್ 1994ರಲ್ಲಿ ಬರೆದ ಟಿಪ್ಪಣಿಯಲ್ಲಿ ಅಲ್ಲಿನ ಶುಚಿ, ಗಾಯಗಳ ಆರೈಕೆ, ಅಕ್ಕರೆಗಳನ್ನು ಮೆಚ್ಚುತ್ತಲೇ, ತೀವ್ರ ನೋವಿಗೆ ತಕ್ಕ ಔಷಧಿ ಇಲ್ಲದಿರುವುದನ್ನು ಎತ್ತಿ ತೋರಿಸಿದರು. ಆ ಕೊರತೆಗೂ ಮದರ್ ಅವರ ಕತ್ತಲಿಗೂ ನೇರ ನಂಟಿದೆಯೆಂದು ನಾನು ವಾದಿಸುತ್ತಿಲ್ಲ. ನೋವಿಗೆ ಅರ್ಥ ಕಂಡುಕೊಂಡವರು ನೋವನ್ನು ಇಳಿಸುವ ಕೆಲಸದಲ್ಲಿ ಸಡಿಲವಾಗಬಾರದು ಎಂಬುದಷ್ಟೇ ನನ್ನ ಮಾತು. ಸಂತರ ಪತ್ರಗಳನ್ನು ಪೂಜ್ಯಭಾವದಿಂದ ಸಂಪಾದಿಸುವವರು ಇಂಥ ಪ್ರಶ್ನೆಯನ್ನು ಹೊಸಿಲಾಚೆ ನಿಲ್ಲಿಸಬಾರದಿತ್ತು.

ಇಷ್ಟು ಕೊರತೆಗಳಿದ್ದರೂ ಕ್ರೈಸ್ತ ಸಾಹಿತ್ಯದಲ್ಲಿ ಕಳೆದ ನೂರು ವರ್ಷಗಳಲ್ಲಿ ಬಂದ ಮುಖ್ಯ ಗ್ರಂಥಗಳಲ್ಲಿ ಇದೂ ಒಂದು. ಓದುವವರು ಮೊದಲ ಸಲ ಬರೀ ಪತ್ರಗಳನ್ನು ಓದಲಿ, ವ್ಯಾಖ್ಯಾನವನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಲಿ. ಧರ್ಮಕೇಂದ್ರಗಳ ಗುರುಗಳಲ್ಲಿ ಒಂದು ವಿನಂತಿ. ಸೆಪ್ಟೆಂಬರ್ 5, ಮದರ್ ಅವರ ಹಬ್ಬದ ದಿನ, ಪ್ರಬೋಧನೆಯಲ್ಲಿ ಅವರ ಸೇವೆಯ ಜೊತೆಗೆ 1959ರ ಆ ಪತ್ರದ ಒಂದು ಭಾಗವನ್ನೂ ಓದಿ ಹೇಳಿ. ಹಿಂದಿನ ಬೆಂಚಿನಲ್ಲಿ ಕೂತವರು ಕೇಳಿಸಿಕೊಳ್ಳಲಿ.